ಲಾಂಚ್ ತಪ್ಪಿದವರ ಅಂಗಡಿ

ಬೆಂಗಳೂರಿನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರ. ನಿಲ್ದಾಣದ ಬೋರ್ಡಿನಲ್ಲಿ ‘ಸಾಗರ ಜಂಬಗಾರು’ ಎಂದಿದೆ. ಹಾಗೆ ಪೂರ್ತಿ ಹೆಸರು ಹೇಳುವವರನ್ನು ನಾನಂತೂ ನೋಡಿಲ್ಲ. ಈ ಸಲ ನಾನು ಹೊರಟಿದ್ದು ಜೋಗಕ್ಕೂ ಅಲ್ಲ, ಇಕ್ಕೇರಿಗೂ ಅಲ್ಲ. ಅಂಗಡಿ ಮಾವನ ವರ್ಷದ ತಿಥಿಗೆ.

ಮಾವ ಅಂದರೆ ನನಗೆ ನೆಂಟರೇನೂ ಅಲ್ಲ. ಊರಿಗೆಲ್ಲ ಅವರು ಅಂಗಡಿ ಮಾವ. ಶರಾವತಿ ಹಿನ್ನೀರಿನ ಆಚೆ, ಕಳಸವಳ್ಳಿಯಿಂದ ತುಮರಿಗೆ ಹೋಗುವ ಕಡೆ ಅವರ ಅಂಗಡಿ. ನನ್ನ ಅಜ್ಜನ ಮನೆಯೂ ಅಲ್ಲೇ. ಬೇಸಿಗೆ ರಜೆ ಶುರುವಾಗುತ್ತಿದ್ದದ್ದೇ ಆ ಅಂಗಡಿಯ ಕಟ್ಟೆಯಿಂದ.

ಸಾಗರದಲ್ಲಿ ಬಸ್ಸು ಹಿಡಿದೆ. ಆವಿನಹಳ್ಳಿ ದಾಟಿತು. ಹೊಳೆಬಾಗಿಲು ಹತ್ತಿರ ಬರುವಾಗ, ಹಳೆಯ ಅಭ್ಯಾಸ, ಬ್ಯಾಗು ತೊಡೆಯ ಮೇಲೆ ಎಳೆದುಕೊಂಡು ಇಳಿಯಲು ರೆಡಿಯಾದೆ. ಬಸ್ಸು ನಿಲ್ಲಲೇ ಇಲ್ಲ. ಸೀದಾ ನೀರಿನ ಮೇಲೆ ಹೋಯಿತು.

ಗೊತ್ತಿದ್ದ ವಿಷಯವೇ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ಉದ್ದ ಸುಮಾರು 2.44 ಕಿಲೋಮೀಟರ್. ಪೇಪರಿನಲ್ಲಿ ಓದಿದ್ದೆ, ಫೋಟೋ ನೋಡಿದ್ದೆ. ಆದರೂ ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು. ಎರಡೂ ಕಡೆ ನೀರು, ನಡುವೆ ಬೋಳು ಗುಡ್ಡಗಳ ತಲೆ. ಪಕ್ಕದಲ್ಲಿ ಕೂತಿದ್ದ ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅವನು ಮುಗಿಸುವ ಮೊದಲೇ ಆಚೆ ದಡ ಬಂತು. ಮಾವ ಜೀವಮಾನವಿಡೀ ಕಾದ ನೀರು ಇದು. ನಾವು ನಾಲ್ಕು ಮಾತಾಡುವುದರೊಳಗೆ ದಾಟಿಬಿಟ್ಟೆವು.

ಅವರು ಹೋದದ್ದು ಸೇತುವೆ ತೆರೆಯುವ ಎಂಟು ತಿಂಗಳು ಮೊದಲು.

ಮುಂಚೆ ಇಲ್ಲಿ ಲಾಂಚ್ ಒಂದೇ ಗತಿ. ಜನ, ಬೈಕು, ಕಾರು, ಗೊಬ್ಬರದ ಚೀಲ, ಮದುವೆ ದಿಬ್ಬಣ ಎಲ್ಲ ಅದರ ಮೇಲೇ. ಬೇಸಿಗೆಯಲ್ಲಿ ನೀರು ಜಾಸ್ತಿ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಹೋಗಬೇಕು. ಇಲ್ಲವೇ ಎಲ್ಲಾದರೂ ರಾತ್ರಿ ಕಳೆಯಬೇಕು. ಆ ‘ಎಲ್ಲಾದರೂ’ ಅನ್ನುವುದು ಎಷ್ಟೋ ಜನರಿಗೆ ಮಾವನ ಜಗಲಿಯಾಗಿತ್ತು.

ಅಂಗಡಿ ನೋಡಿದರೆ ಏನೂ ಇಲ್ಲ. ಮುಂದೆ ಕಟ್ಟೆ, ಒಳಗೆ ಒಂದು ಹಲಗೆ, ಹಿಂದೆ ಮನೆ. ಉಪ್ಪು, ಬೆಲ್ಲ, ಒಣಮೀನು, ಬೀಡಿ, ಹಗ್ಗ, ಟಾರ್ಚಿನ ಸೆಲ್ಲು. ಮಳೆಗಾಲದ ಮೊದಲು ಅಡಿಕೆಗೆ ಹೊಡೆಯುವ ಮೈಲುತುತ್ತ. ಮೂಲೆಯಲ್ಲಿ ಚಿಮಣಿ ಎಣ್ಣೆಯ ಡ್ರಮ್ಮು. ಇದರ ಕತೆ ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಇಲ್ಲಿಯವರ ಊರು, ಗದ್ದೆ, ದೇವಸ್ಥಾನ ಮುಳುಗಿ ಕೆಳಗೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಬಂತು. ರಾಜ್ಯಕ್ಕೆಲ್ಲ ಬೆಳಕು ಹೋಯಿತು. ಮುಳುಗಿದವರ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿಯೇ ಉರಿಯಿತು. ಎಣ್ಣೆ ಅಳೆಯುವಾಗ ಮಾವ ಒಂದೊಂದು ಸಲ, ‘ನಮ್ಮ ಗದ್ದೆ ಮೇಲೆ ಕರೆಂಟು ಬೆಳೀತಾರೆ, ನಮಗೆ ಮಾತ್ರ ಫಸಲು ಬರ್ಲಿಲ್ಲ’ ಅನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು, ಅರ್ಥ ಆಗದೆ.

ಅವರ ತಕ್ಕಡಿಯೂ ಮುಳುಗಿದ ಊರಿನದ್ದು. ಅವರಪ್ಪ ಮನೆ ಬಿಡುವಾಗ ತಲೆಯ ಮೇಲೆ ಹೊತ್ತು ತಂದದ್ದಂತೆ. ಒಂದು ತಟ್ಟೆ ಸ್ವಲ್ಪ ನೆಗ್ಗಿತ್ತು. ಅದಕ್ಕೆ ಸರಿಯಾಗಿ ಇನ್ನೊಂದು ಕಡೆ ಒಂದು ಸಣ್ಣ ಕಲ್ಲು ಕಟ್ಟಿದ್ದರು. ಅಷ್ಟಾದರೂ ತೂಗಿದ ಮೇಲೆ ಒಂದು ಚಿಟಿಕೆ ಜಾಸ್ತಿ ಹಾಕುವುದು ಅವರ ಪದ್ಧತಿ. ‘ಕಲ್ಲಿನ ಮೇಲೆ ನಂಬಿಕೆ ಇಲ್ವಾ ಮಾವ?’ ಅಂತ ನಾನು ಕೇಳಿದ್ದುಂಟು. ‘ಕಲ್ಲಿನ ಮೇಲೆ ಇದೆ ತಮಾ, ಕಟ್ಟಿದವನ ಮೇಲೆ ಇಲ್ಲ’ ಅಂದಿದ್ದರು. ಕಟ್ಟಿದವರು ಅವರೇ.

ಬಸ್ಸು ಇಳಿದು ನಡೆದೆ. ಅತ್ತೆ ಅಂಗಳದಲ್ಲೇ ಇದ್ದರು.

‘ಬಂದ್ಯಾ ತಮಾ? ಲಾಂಚ್ ಬೇಗ ಸಿಕ್ತಾ?’

ಕೇಳಿದ ಮೇಲೆ ಅವರಿಗೇ ಹೊಳೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಗೋಡೆಯ ಮೇಲೆ ಅತ್ತೆಯ ಕೈಯ ಹಸೆ ಚಿತ್ತಾರ ಹಾಗೇ ಇದೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಗೆರೆ, ಬರೆಯಲು ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬರೆದ ಬುಟ್ಟಿಯೂ ಪಕ್ಕದಲ್ಲಿ ತೂಗುತ್ತಿತ್ತು. ಪ್ರತಿ ವರ್ಷ ಅದಕ್ಕೆ ಪುಂಡಿ ನಾರು ಹುಡುಕಿ ತರುವುದು ಮಾವನ ಕೆಲಸ. ಅತ್ತೆ ಬರೆಯುವಾಗ ಅಂಗಡಿ ಬಿಟ್ಟು ಬಂದು ಚಿಮಣಿ ಹಿಡಿದುಕೊಂಡು ನಿಲ್ಲುತ್ತಿದ್ದರಂತೆ. ಗಿರಾಕಿ ಕೂಗಿದರೆ, ‘ನೀವೇ ತಗೊಳ್ಳಿ, ಬರೆದಿಡಿ’ ಅಂತ ಅಲ್ಲಿಂದಲೇ ಹೇಳುವುದು. ಅಂಗಡಿಯವನಿಗೆ ಇದು ಒಳ್ಳೆಯ ಬುದ್ಧಿ ಅಲ್ಲ. ಒಳ್ಳೆಯ ಗಂಡ ಅಂತ ಮಾತ್ರ ಹೇಳಬಹುದು.

ಎಡೆಗೆ ಅವರಿಗೆ ಇಷ್ಟವಾದದ್ದೆಲ್ಲ ಇಟ್ಟಿದ್ದರು. ಎಲೆ, ಅಡಿಕೆ, ಒಂದು ಕಟ್ಟು ಬೀಡಿ. ಮಗಳು ಒಳಗಿಂದ ಟಾರ್ಚ್ ತಂದು ಎಲೆಯ ಪಕ್ಕ ಇಟ್ಟಳು. ಯಾರೂ ಏನೂ ಕೇಳಲಿಲ್ಲ.

ಊಟ ಆದ ಮೇಲೆ ಮಗ ನನ್ನನ್ನು ಅಂಗಡಿಗೆ ಕರೆದ. ಈಗ ಅವನೇ ನೋಡಿಕೊಳ್ಳುವುದು. ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಹಲಗೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾನೆ. ‘ಮೂಟೆ ಈಗ ಬಾಗಿಲಿಗೇ ಬರ್ತದೆ ಭಾವ, ಲಾಂಚಿಗೆ ಹೊರೋ ರಗಳೆ ಇಲ್ಲ. ಆದ್ರೆ ಜನನೂ ಸೀದಾ ಸಾಗರಕ್ಕೇ ಹೋಗ್ತಾರೆ’ ಅಂದ. ದೂರೇನೂ ಇರಲಿಲ್ಲ ದನಿಯಲ್ಲಿ. ಆಸ್ಪತ್ರೆಗೆ ಹೋಗಲು ರಾತ್ರಿ ಲಾಂಚಿನವರನ್ನು ಎಬ್ಬಿಸಿದ ಊರು ಇದು. ಸೇತುವೆ ಬೇಡ ಅನ್ನುವವರು ಇಲ್ಲಿ ಯಾರೂ ಇಲ್ಲ.

ಆಮೇಲೆ ಉದ್ರಿ ಪುಸ್ತಕಗಳ ಕಟ್ಟು ಬಿಚ್ಚಿದ. ಅಡಿಕೆ ಮಾರಿ ಬಂದ ಮೇಲೆ ತೀರಿಸುವ ಲೆಕ್ಕಗಳು. ಅಡ್ಡಗೆರೆ ಎಳೆದವು ಕೆಲವು, ಎಳೆಯದವು ತುಂಬ. ಕೊನೆಯ ಹಾಳೆಗಳಲ್ಲಿ ಬೇರೆಯೇ ಒಂದು ಪಟ್ಟಿ. ಹಣ ಇಲ್ಲ, ಬರೀ ಸಾಮಾನು.

ಸೊರಬದ ಮುದುಕ, ಲಾಂಚ್ ತಪ್ಪಿತು, ಕಂಬಳಿ 1.
ಕೆಂಪು ಸೀರೆಯವರು, ಕೂಸು ಇದೆ, ಟಾರ್ಚ್ 1.
ಮೇಷ್ಟ್ರು, ಕೊಡೆ 1.

ಹೆಸರೂ ಕೇಳಿರಲಿಲ್ಲ ಮಾರಾಯರು. ಹೆಚ್ಚಿನವಕ್ಕೆ ಅಡ್ಡಗೆರೆ ಬಿದ್ದಿತ್ತು. ಬಸ್ಸಿನ ಕಂಡಕ್ಟರ್ ಕೈಯಲ್ಲೋ, ಲಾಂಚಿನವರ ಕೈಯಲ್ಲೋ ವಾಪಸ್ಸು ಬರುತ್ತಿತ್ತಂತೆ. ಮೇಷ್ಟ್ರ ಕೊಡೆ ಮಾತ್ರ ಬಂದಿರಲಿಲ್ಲ. ಆ ಸಾಲಿನ ಮುಂದೆ ಮಾವ ಆಮೇಲೆ ಬೇರೆ ಶಾಯಿಯಲ್ಲಿ ಬರೆದಿದ್ದರು: ‘ಮಳೆ ನಿಂತಿರಲಿಕ್ಕಿಲ್ಲ.’

ನಾನು ಸುಮಾರು ಹೊತ್ತು ಆ ಹಾಳೆ ತಿರುವಲಿಲ್ಲ.

ಸಂಜೆ ಆಗುತ್ತಾ ಬಂತು. ಅತ್ತೆ ಒಳಗಿಂದ, ‘ಹೊರಡು ತಮಾ, ಕತ್ತಲಾದ್ರೆ...’ ಅಂತ ಶುರು ಮಾಡಿ ನಿಲ್ಲಿಸಿದರು. ಈ ಸಲ ನಗಲಿಲ್ಲ.

‘ಇನ್ನೊಂದು ಲೋಟ ಚಾ ಮಾಡಿ ಅತ್ತೆ’ ಅಂದೆ. ಮಗ ಕಟ್ಟೆಯ ಮೇಲೆ ಬಿದ್ದಿದ್ದ ಗೋಣಿ ಚೀಲ ಕೊಡವಿ ಹಾಸಿದ. ಇಬ್ಬರೂ ಕೂತೆವು. ದೂರದಲ್ಲಿ ಸೇತುವೆಯ ಕಡೆಯಿಂದ ಒಂದರ ಹಿಂದೆ ಒಂದು ಗಾಡಿಗಳು ಬರುತ್ತಿದ್ದವು. ಯಾವುದೂ ಅಂಗಡಿ ಮುಂದೆ ನಿಲ್ಲಲಿಲ್ಲ.