ಎಷ್ಟು ಕೊಟ್ಟರು?

ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಎಂಬ ಹೆಸರಾಂತ ಸಂಗೀತ ಸಭಾಂಗಣದಲ್ಲಿ ನಮ್ಮ ದಾವಣಗೆರೆಯ ಗಾಯನ ವೃಂದ ಹಾಡಿ ಬಂದ ಮೇಲೆ ಕಂಡವರೆಲ್ಲ ಕೇಳುವುದು ಒಂದೇ ಮಾತು: "ಎಷ್ಟು ಕೊಟ್ಟರು, ಮೇಡಂ?" ಬೆಣ್ಣೆದೋಸೆ ಹೋಟೆಲಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ.

ಒಂದು ಪೈಸೆಯೂ ಇಲ್ಲ. ನಾವೇ ಕೊಟ್ಟು ಹಾಡಿದೆವು. ನರ್ಸ್, ವಿಮಾ ಏಜೆಂಟ್, ಬಟ್ಟೆ ಅಂಗಡಿಯವರು, ನನ್ನಂಥ ಶಿಕ್ಷಕಿಯರು ಸೇರಿ 14 ಜನ, ತಲಾ ತಿಂಗಳಿಗೆ 7,000 ರೂಪಾಯಿಯಂತೆ 3 ವರ್ಷ ಚೀಟಿ ಕಟ್ಟಿದೆವು. ಇಂಥ ಕಾರ್ಯಕ್ರಮಗಳ ಪದ್ಧತಿಯೇ ಹಾಗೆ. ಬೇರೆ ಬೇರೆ ಊರಿನ ಹವ್ಯಾಸಿಗಳು ಒಂದೇ ಕೃತಿಯನ್ನು ತಮ್ಮೂರಲ್ಲೇ ಕಲಿತು, ಶುಲ್ಕ ಕಟ್ಟಿ ಬರುತ್ತಾರೆ; ಕೆಲವು ದಿನ ಒಟ್ಟಾಗಿ ತಾಲೀಮು, ಆಮೇಲೆ ವಾದ್ಯವೃಂದದೊಂದಿಗೆ ಒಂದೇ ಒಂದು ಸಂಜೆ. ವೀಸಾ ಕೂಡ ಇದರ ಮೇಲೆಯೇ ನಿಂತಿದೆ: ಸಂಭಾವನೆ ಪಡೆಯದ ಹವ್ಯಾಸಿ ಎಂಬ ಕಾರಣಕ್ಕೇ ಅಮೆರಿಕದ ಬಿ-2 ಪ್ರವಾಸಿ ವೀಸಾದಲ್ಲಿ ಹಾಡಲು ಅವಕಾಶವಿದೆ.

ನಾವು ಹಾಡಿದ್ದು ಪಾಶ್ಚಾತ್ಯ ಸಂಗೀತ ರಚನಕಾರ ಹ್ಯಾಂಡೆಲ್‌ನ 'ಮೆಸಾಯಾ', ಯೇಸುವಿನ ಕುರಿತ ದೊಡ್ಡ ಸಮೂಹಗಾನ ಕೃತಿ. ಅದರ ಮೊದಲ ಪ್ರದರ್ಶನ ನಡೆದದ್ದು 1742ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಂದು ಕೂಡಿದ ಹಣದಲ್ಲಿ ಎರಡು ಆಸ್ಪತ್ರೆಗಳಿಗೆ ಪಾಲು ಹೋಯಿತು. ಸಾಲ ತೀರಿಸಲಾಗದೆ ಸೆರೆಮನೆಯಲ್ಲಿದ್ದ 142 ಜನ ಬಿಡುಗಡೆಯಾದರು. ಯಾರಾದರೂ "ಎಷ್ಟು ಕೊಟ್ಟರು" ಎಂದಾಗಲೆಲ್ಲ ನನಗೆ ಆ 142 ಜನ ನೆನಪಾಗುತ್ತಾರೆ.

ನಾನು ಆಲ್ಟೊ, ಅಂದರೆ ಹೆಂಗಸರ ಕೆಳದನಿ. ಕೇಳುವವರು ಗುನುಗಿಕೊಂಡು ಹೋಗುವ ಧಾಟಿ ಹೆಚ್ಚಾಗಿ ನಮ್ಮದಲ್ಲ. ಅಡುಗೆಮನೆಯಲ್ಲಿ ಮೊಬೈಲ್ ಹಚ್ಚಿಟ್ಟು ನನ್ನ ಪಾಲನ್ನಷ್ಟೇ ಕಲಿಯುತ್ತಿದ್ದಾಗ ಮಾವ, "ಇದೇನಮ್ಮ, ಹಾಡು ಏರುವುದೇ ಇಲ್ಲವಲ್ಲ" ಎಂದಿದ್ದರು. ಒಂದು ಶನಿವಾರ ಚರ್ಚಿನ ಹಿಂದಿನ ಕೋಣೆಗೆ ಅವರನ್ನು ಕರೆದೊಯ್ದೆ. ಹೆಂಗಸರ, ಗಂಡಸರ ಮೇಲುದನಿ, ಕೆಳದನಿ ನಾಲ್ಕೂ ಕೂಡಿದ್ದನ್ನು ಕೇಳಿ ತುಸು ಹೊತ್ತು ಸುಮ್ಮನಿದ್ದರು. ಹತ್ತಿಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು ಅವರು. "ನಿನ್ನದು ಹಾಸಿನ ನೂಲು," ಎಂದರು.

ಕಾರ್ನೆಗಿ ಹಾಲ್ ತೆರೆದದ್ದು 1891ರಲ್ಲಿ. ಅದರ ದೊಡ್ಡ ಸಭಾಂಗಣದಲ್ಲಿ ಸುಮಾರು 2,800 ಆಸನಗಳಿವೆ. ವೇದಿಕೆಯಿಂದ ನೋಡಿದರೆ ಕಾಣುವುದು ಬೆಳಕು ಮಾತ್ರ. 'ಹಲ್ಲೆಲೂಯ' ಭಾಗದಲ್ಲಿ "ರಾಜಾಧಿರಾಜ" ಎಂಬರ್ಥದ ಮಾತನ್ನು ಹೆಂಗಸರು ಒಂದೇ ಸ್ವರದಲ್ಲಿ ಎಳೆದು ನಿಲ್ಲಿಸಬೇಕು. ಅಂಥ ಕಡೆ ಪಕ್ಕದವರು ಉಸಿರೆಳೆಯುವಾಗ ನಾವು ಎಳೆಯಬಾರದೆಂಬುದು ನಿಯಮ. ನನ್ನ ಎಡಕ್ಕೆ ಬೇರೆ ವೃಂದದ ಅಜ್ಜಿಯೊಬ್ಬರಿದ್ದರು; ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಭುಜ ಮೆಲ್ಲಗೆ ಮೇಲೆದ್ದಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆಂದು ತಿಳಿದು ನಾನು ದನಿ ಹಿಡಿದೆ. ಅವರು ಮರಳಿ ಸೇರಿಕೊಂಡರು, ಆಗ ನಾನು ಉಸಿರೆಳೆಯಲು ದನಿ ಬಿಟ್ಟೆ. ನಾನು ಬಿಟ್ಟಾಗಲೂ ನನ್ನ ಸ್ವರ ನಿಲ್ಲದೆ ನನ್ನ ಕಿವಿಗೇ ಕೇಳುತ್ತಿತ್ತು. ಒಬ್ಬಳೇ ಹಾಡಿದ ಇಷ್ಟು ವರ್ಷಗಳಲ್ಲಿ ಅದು ನನಗೆ ಸಿಕ್ಕಿರಲಿಲ್ಲ. ಕೊಟ್ಟದ್ದು ಎಷ್ಟು ಎಂದು ಕೇಳಿದರೆ, ಇಷ್ಟು.

ಮುಂದಿನ ಚೀಟಿ ಕ್ರಿಸ್‌ಮಸ್ ಮುಗಿದ ಮೇಲೆ ಶುರುವಾಗುತ್ತದೆ. ಆಲ್ಟೊದಲ್ಲಿ ಇಬ್ಬರಿಗೆ ಜಾಗವಿದೆ.