ಕೋಡಿ ಒಂದಡಿ ಎತ್ತರಿಸಿದ್ರೆ ಏನಾಗುತ್ತೆ? ಸಿವಿಲ್ ಓದ್ತಿರೋರಿಗೆ ಕೆರೆ ಕೆಲಸದಿಂದ ಒಂದು ಪಾಠ

ನಾನು ಕೆರೆ ರಿಪೇರಿ, ಡಿಸೈನ್ ಕೆಲಸದಲ್ಲಿರೋದು. ಕೋಡಿ ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ದಾಟಿ ಹೊರಗೆ ಹರಿಯೋ ಕಟ್ಟೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾವ ಊರಿಗೆ ಹೋದ್ರೂ ಬರೋ ಬೇಡಿಕೆ ಒಂದೇ, "ಸಾರ್, ಕೋಡಿ ಒಂದಡಿ ಎತ್ತರ ಮಾಡ್ಸಿಕೊಡಿ, ಬೇಸಿಗೆಗೆ ಇನ್ನೊಂಚೂರು ನೀರು ನಿಲ್ಲುತ್ತೆ." ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆಗಳು, ಅವರು ಕೇಳೋದ್ರಲ್ಲಿ ತಪ್ಪೇನಿಲ್ಲ. ಐವತ್ತು ಎಕರೆ ನೀರು ನಿಲ್ಲೋ ಕೆರೆ ಅಂದ್ರೆ ಸುಮಾರು 20 ಹೆಕ್ಟೇರ್, ಅದ್ರ ಮೇಲೆ 0.3 ಮೀಟರ್ ಜಾಸ್ತಿ ನಿಂತ್ರೆ 60,000 ಘನ ಮೀಟರ್, ಅಂದ್ರೆ ಆರು ಕೋಟಿ ಲೀಟರ್. ಯಾರು ಬೇಡ ಅಂತಾರೆ? ಎಷ್ಟೋ ಕಡೆ ಇಂಜಿನಿಯರ್‌ಗೆ ಕಾಯೋದೂ ಇಲ್ಲ, ಊರವರೇ ಮರಳು ಚೀಲ ಪೇರಿಸಿಬಿಡ್ತಾರೆ.

ಆದ್ರೆ ಕಾಲೇಜಲ್ಲಿ ವಿಯರ್ (ಮೇಲಿಂದ ನೀರು ಹರಿಯೋ ಕಟ್ಟೆ) ಫಾರ್ಮುಲಾ ಅಂತ ಓದ್ತೀವಲ್ಲ, ಅದು ಸರಿಯಾಗಿ ಬೇಕಾಗೋದು ಇಲ್ಲೇ. ಅಗಲ ಕಟ್ಟೆಯ ಕೋಡಿ ಮೇಲೆ ಹರಿಯೋ ನೀರು ಸುಮಾರಾಗಿ 1.7 ಗುಣಿಸು ಕೋಡಿ ಉದ್ದ ಗುಣಿಸು ಹೆಡ್‌ನ 1.5 ಪವರ್. ಹೆಡ್ ಅಂದ್ರೆ ಕೋಡಿ ಮೇಲೆ ನಿಂತಿರೋ ನೀರಿನ ಎತ್ತರ. ಎಲ್ರೂ 1.7 ಬಾಯಿಪಾಠ ಮಾಡ್ತಾರೆ, ನೋಡ್ಬೇಕಾಗಿರೋದು ಆ ಪವರ್‌ನ. 20 ಮೀಟರ್ ಉದ್ದದ ಕೋಡಿ, ಗರಿಷ್ಠ ನೀರಿನ ಮಟ್ಟ ಕೋಡಿಗಿಂತ 0.6 ಮೀಟರ್ ಮೇಲೆ ಅಂತ ಇಟ್ಕೊಳ್ಳಿ. ಸೆಕೆಂಡಿಗೆ 15.8 ಘನ ಮೀಟರ್ ಹೋಗುತ್ತೆ, ಹಳೇ ದಾಖಲೆ ಲೆಕ್ಕದಲ್ಲಿ ಸುಮಾರು 558 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ). ಈಗ ಏರಿ (ಕೆರೆಯ ಮಣ್ಣಿನ ಒಡ್ಡು) ಮುಟ್ಟದೆ ಕೋಡಿ ಮಾತ್ರ 0.3 ಮೀಟರ್ ಎತ್ತರಿಸಿ, ಹೆಡ್ ಅರ್ಧ ಆಯ್ತು. ನೀರು ಅರ್ಧ ಹೋಗುತ್ತೆ ಅಂದ್ಕೊಂಡ್ರೆ ಇಲ್ಲ, 5.6 ಮಾತ್ರ, ಹತ್ತಿರತ್ತಿರ ಮೂರನೇ ಒಂದು ಭಾಗ! ಹೋಗದೆ ಉಳಿದ ನೀರು ಕೆರೆ ಮಟ್ಟನ ಇನ್ನೂ ಮೇಲಕ್ಕೆ ತರುತ್ತೆ. ಹಳೇ ಸಾಮರ್ಥ್ಯ ವಾಪಸ್ ಬೇಕು ಅಂದ್ರೆ 20 ಮೀಟರ್ ಕೋಡಿನ 57 ಮೀಟರ್ ಮಾಡ್ಬೇಕು, ಅಷ್ಟು ಜಾಗ ಏರಿ ಪಕ್ಕ ಎಲ್ಲಿರುತ್ತೆ ಹೇಳಿ.

"ಏರಿ ಇನ್ನೂ ಮೂರಡಿ ಮೇಲೈತಲ್ಲ ಸಾರ್" ಅಂತ ಹಿರಿಯರೊಬ್ಬರು ಕೇಳಿದ್ರು, ಒಳ್ಳೇ ಪ್ರಶ್ನೆ. ಆ ಮೂರಡಿ ಖಾಲಿ ಬಿಟ್ಟಿರೋ ಜಾಗ ಅಲ್ಲ ಯಜಮಾನ್ರೇ, ಗಾಳಿಗೆ ಏಳೋ ಅಲೆಗೆ, ವರ್ಷಗಳಲ್ಲಿ ಕುಸಿಯೋ ಮಣ್ಣಿಗೆ ಅಂತ ಇಟ್ಟಿರೋದು ಅಂದೆ. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹರಿದ್ರೆ ಅದು ಸ್ವಲ್ಪ ತಡ್ಕೊಳ್ಳುತ್ತೆ, ಮಣ್ಣಿನ ಏರಿ ತಡ್ಕೊಳ್ಳಲ್ಲ, ಹಿಂಬದಿ ಇಳಿಜಾರು ಕೊರ್ಕೊಂಡು ಕೊರ್ಕೊಂಡು ಮೇಲಕ್ಕೆ ಬಂದು ಕೆಲವೇ ಗಂಟೆಲಿ ಬಾಯಿ ಬಿಟ್ಬಿಡುತ್ತೆ.

ಅದೇ ಕೆರೆಯ ತೂಬಿನ (ಹೊಲಕ್ಕೆ ನೀರು ಬಿಡೋ ಕಿಂಡಿ) ಕಡೆ ಬನ್ನಿ, ಅಲ್ಲಿ ನಿಯಮ ಬೇರೆ. ತೂಬಿನ ರಂಧ್ರದಲ್ಲಿ ವೇಗ ಹೆಡ್‌ನ, ಅಂದ್ರೆ ಇಲ್ಲಿ ರಂಧ್ರದ ಮೇಲಿರೋ ನೀರಿನ ಎತ್ತರದ, ವರ್ಗಮೂಲದ ಹಾಗೆ ಬದಲಾಗುತ್ತೆ. ನಷ್ಟ ಬಿಟ್ಟು ನೋಡಿದ್ರೆ 4 ಮೀಟರ್ ನೀರಿದ್ದಾಗ ಸೆಕೆಂಡಿಗೆ 8.9 ಮೀಟರ್, 1 ಮೀಟರಿಗೆ ಇಳಿದಾಗ 4.4. ನೀರು ಕಾಲು ಭಾಗಕ್ಕೆ ಇಳಿದ್ರೂ ಹರಿವು ಅರ್ಧ ಉಳಿಯುತ್ತೆ, ಅದಕ್ಕೇ ಕೆರೆ ಸುಮಾರಾಗಿ ಖಾಲಿಯಾದ್ರೂ ಅಚ್ಚುಕಟ್ಟಿಗೆ ನೀರು ಬರ್ತಾನೇ ಇರುತ್ತೆ. ಒಂದೇ ಕೆರೆ, ಎರಡು ದಾರಿ, ಒಂದಕ್ಕೆ ಪವರ್ ಅರ್ಧ, ಇನ್ನೊಂದಕ್ಕೆ ಒಂದೂವರೆ. ಪರೀಕ್ಷೆಗೆ ಬೇರೆ ಬೇರೆ ಚಾಪ್ಟರ್ ಆಗಿ ಓದೋ ಇದನ್ನ ಏರಿ ಮೇಲೆ ನಿಂತು ಒಟ್ಟಿಗೆ ನೋಡಿದ್ರೆ ಮರೆಯಲ್ಲ ಅಂತ ನನ್ನ ನಂಬಿಕೆ.

ಇನ್ನು ಕೆರೆಗೆ ಬರೋ ನೀರು. "ಎಷ್ಟು ಮಿಲಿಮೀಟರ್ ಮಳೆ" ಅಂತ ಕೇಳೋದು ಸಾಕಾಗಲ್ಲ, ಎಷ್ಟು ಹೊತ್ತಲ್ಲಿ ಬಿತ್ತು ಅಂತ ಕೇಳಿ. ಒಂದು ಚದರ ಕಿಲೋಮೀಟರ್ ಜಲಾನಯನ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರೋ ಪಾಲು) 0.4, ಗಂಟೆಗೆ 50 ಮಿಲಿಮೀಟರ್ ತೀವ್ರತೆ ಅಂದ್ರೆ ರ‍್ಯಾಷನಲ್ ಸೂತ್ರದಲ್ಲಿ (ಗುಣಾಂಕ, ತೀವ್ರತೆ, ವಿಸ್ತೀರ್ಣ ಮೂರನ್ನೂ ಗುಣಿಸೋದು) ಸೆಕೆಂಡಿಗೆ 5.6 ಘನ ಮೀಟರ್ ಬರುತ್ತೆ. ಅದೇ 50 ಮಿಲಿಮೀಟರ್ ಹತ್ತು ಗಂಟೆ ಜಿಟಿಜಿಟಿ ಬಿದ್ರೆ ಹತ್ತರಲ್ಲಿ ಒಂದು ಪಾಲು, ನಿಜದಲ್ಲಿ ಅದಕ್ಕಿಂತ ಕಮ್ಮಿ, ಯಾಕಂದ್ರೆ ಇಂಗೋಕೆ ಟೈಮ್ ಸಿಗುತ್ತೆ. ಹಾಗಂತ ಆ ಗುಣಾಂಕನ ಕಲ್ಲಲ್ಲಿ ಕೆತ್ತಿದ್ದು ಅಂದ್ಕೋಬೇಡಿ. 2021ರ ನವೆಂಬರ್ ನೆನಪಿದ್ಯಲ್ಲ, ಈ ಭಾಗದಲ್ಲಿ ವರ್ಷಗಟ್ಟಲೆ ತುಂಬದ ಕೆರೆಗಳೂ ಕೋಡಿ ಬಿದ್ವು. ನೆಲ ಮೊದಲೇ ನೆಂದಿದ್ರೆ ಆಮೇಲೆ ಬಿದ್ದ ಮಳೆ ಇಂಗೋದು ಕಮ್ಮಿ, ಹರಿಯೋದೇ ಜಾಸ್ತಿ, ಜೂನ್ ಮೊದಲ ಮಳೆಗೂ ಮುಂಗಾರು ಮುಗಿದ ಮೇಲಿನ ಮಳೆಗೂ ಅದೇ ವ್ಯತ್ಯಾಸ. ಜೊತೆಗೆ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ, ಮೊದಲೇ ತುಂಬಿರೋ ಕೆರೆಗೆ ಜೋರು ಮಳೆ ಬಿದ್ರೆ ಹಿಡಿದಿಟ್ಕೊಳ್ಳೋಕೆ ಒಳಗೆ ಜಾಗ ಇರಲ್ಲ, ಎಲ್ಲಾ ಭಾರ ಕೋಡಿ ಮೇಲೆ.

ಏರಿ ಹಿಂದೆ ಬುಡದಲ್ಲಿ ನೀರು ಜಿನುಗ್ತಿದ್ರೆ ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ತಿಳಿಯಾಗಿದ್ರೆ ಸೋರಿಕೆ, ಗುರುತು ಹಾಕಿ ಹರಿವು ಜಾಸ್ತಿ ಆಗ್ತಿದ್ಯಾ ಅಂತ ಮತ್ತೆ ಬಂದು ನೋಡ್ಬಹುದು. ಕೆಂಪಗೆ ಕದಡಿದ್ರೆ ಒಳಗಿನ ಮಣ್ಣು ಹೊರಗೆ ಬರ್ತಿದೆ ಅಂತ ಅರ್ಥ, ಅವತ್ತೇ ಮೇಲಿನವರಿಗೆ ಹೇಳಿ ನೀರಿನ ಮಟ್ಟ ಇಳಿಸೋಕೆ ಶುರು ಮಾಡ್ಬೇಕು, ವರದಿ ಬರೆಯೋದು ಆಮೇಲೆ.

ಕೊನೇದಾಗಿ, ಮೇಲೆ ಹೇಳಿದ ವಿಯರ್ ಲೆಕ್ಕ ನಿಲ್ಲೋದು ಕೋಡಿ ದಾಟಿದ ನೀರು ಸರಾಗವಾಗಿ ಕೆಳಗೆ ಹೋದ್ರೆ ಮಾತ್ರ. ಕೋಡಿ ಕಾಲುವೆ ಒತ್ತುವರಿ ಆಗಿ ಇಕ್ಕಟ್ಟಾಗಿದ್ರೆ ಅಥವಾ ಜಾಲಿ ಬೆಳೆದು ಕಟ್ಕೊಂಡಿದ್ರೆ ಕೆಳಗಡೆ ನೀರು ಕೋಡಿ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಬಂದು ಹಿಂದಕ್ಕೆ ಒತ್ತುತ್ತೆ, ಆಗ 57 ಮೀಟರ್ ಕಟ್ಟಿದ್ರೂ ಅಷ್ಟು ನೀರು ಹೋಗಲ್ಲ. ನಮ್ಮ ಕೆರೆಗಳು ಒಂದಕ್ಕೊಂದು ಸರಪಳಿ, ಮೇಲಿನ ಕೆರೆ ಕೋಡಿ ನೀರೇ ಕೆಳಗಿನ ಕೆರೆಗೆ ಒಳಹರಿವು. ಅದಕ್ಕೆ ನಾನು ಸರ್ವೆ ಶುರು ಮಾಡೋದು ಕೆಳಗಿನ ಕೆರೆಯ ತುಂಬಿದ ಮಟ್ಟದಿಂದ, ಅಲ್ಲಿಂದ ಕಾಲುವೆ ಹಿಡ್ಕೊಂಡು ಲೆವೆಲ್ ತಗೋತಾ ಮೇಲಿನ ಕೋಡಿಗೆ ಬರ್ತೀನಿ.