ಮಕ್ಕಳ ಕೈಗೆ ಹಗುರವಾದ ಗಾಳ

ಮಕ್ಕಳೊಂದಿಗೆ ಕಡಲಂಚಿಗೆ ಗಾಳ ಹಾಕಲು ಹೊರಡುವವರು ದೊಡ್ಡ ಮೀನಿನ ಆಸೆಗೆ ಭಾರದ ಕೋಲು, ದಪ್ಪ ತಂಗೂಸಿ (ನೈಲಾನ್ ದಾರ) ಹೊತ್ತು ಹೋಗುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಅಂಗೈಯಗಲದ ಮೀನೊಂದು ಎರೆಯನ್ನು ಕಚ್ಚಿ ಎಳೆದಾಗ ಕೋಲಿನ ತುದಿ ಬಾಗಿ, ಆ ಮಿಡಿತ ಮಗುವಿನ ಮಣಿಕಟ್ಟಿನವರೆಗೂ ಹರಿದುಬರಬೇಕಾದರೆ ಸಲಕರಣೆ ಹಗುರವಾಗಿಯೇ ಇರಬೇಕು. ಆರೂವರೆ ಅಡಿಯ ಕೋಲು, 2500 ಎಂಬ ಅಳತೆ ಸಂಖ್ಯೆಯ ಸ್ಪಿನ್ನಿಂಗ್ ರೀಲ್ (ದಾರ ಸುತ್ತುವ ಗಾಲಿ), 10 ಪೌಂಡ್ ಎಳೆತ ತಡೆಯುವ ಹೆಣೆದ ದಾರ, ಅದರ ತುದಿಗೆ ಕಲ್ಲು ಚಿಪ್ಪುಗಳಿಗೆ ಸುಲಭವಾಗಿ ತುಂಡಾಗದ ಸ್ವಲ್ಪ ದಪ್ಪನೆಯ ತಂಗೂಸಿ ಇದ್ದರೆ ಸಾಕು. ರೀಲಿನ ಡ್ರ್ಯಾಗ್ ಎಂಬ, ದಾರವನ್ನು ತಡೆಹಿಡಿಯುವ ಬಿಗಿತವನ್ನು ದಾರದ ಶಕ್ತಿಯ ನಾಲ್ಕನೇ ಒಂದು ಭಾಗಕ್ಕೆ, ಅಂದರೆ ಎರಡೂವರೆ ಪೌಂಡಿನ ಆಸುಪಾಸಿಗೆ ಹೊಂದಿಸಿದರೆ, ಮೀನು ರಭಸದಿಂದ ಓಡಿದಾಗ ದಾರ ಹರಿಯದೆ ಬಿಚ್ಚಿಕೊಳ್ಳುತ್ತದೆ. ಓಡುತ್ತಿರುವ ಹೆಣೆದ ದಾರವನ್ನು ಬರಿಗೈಯಲ್ಲಿ ಹಿಡಿದರೆ ಬೆರಳು ಕೊಯ್ದುಹೋಗುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಎರೆ ಹಾಕಿ ಹಿಡಿಯುವಾಗ ನಾನು ಒತ್ತಿ ಹೇಳುವುದು ಸರ್ಕಲ್ ಹುಕ್ ಎಂಬ ಕೊಕ್ಕೆಯ ವಿಷಯವನ್ನು. ಇದರ ಮೊನೆ ಕೊಕ್ಕೆಯ ನೇರ ಕಡ್ಡಿಯ ಕಡೆಗೆ ಒಳಬಾಗಿರುವುದರಿಂದ, ಮೀನು ಎರೆಯನ್ನು ನುಂಗಿ ತಿರುಗಿದಾಗ ಕೊಕ್ಕೆ ಗಂಟಲಿನಲ್ಲಿ ಸಿಲುಕದೆ ಜಾರಿ ಬಂದು ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ಕೋಲನ್ನು ಜಗ್ಗುವ ಅಗತ್ಯವಿಲ್ಲ. ಜಗ್ಗಿದರೆ ಕೊಕ್ಕೆ ಹೊರಬರುವ ಸಂಭವವೇ ಹೆಚ್ಚು. ನಿಧಾನವಾಗಿ ರೀಲ್ ಸುತ್ತುವುದಷ್ಟೇ ಕೆಲಸವಾದ್ದರಿಂದ ಮಕ್ಕಳಿಗೆ ಇದು ಬೇಗ ಒಗ್ಗುತ್ತದೆ. ಕೊಕ್ಕೆಯ ಮೊನೆಯ ಬಳಿ ಹಿಮ್ಮುಖವಾಗಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಮೀನಿನ ಬಾಯಿಂದಲೂ, ಅಕಸ್ಮಾತ್ ಚುಚ್ಚಿಕೊಂಡ ಬೆರಳಿನಿಂದಲೂ ಅದನ್ನು ಸುಲಭವಾಗಿ ಬಿಡಿಸಬಹುದು.

ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ ಇರುವುದರಿಂದ ಬಹಳ ಹೊತ್ತು ಸೆಣಸಿದ ಮೀನು ಬಳಲಿ, ಬಿಟ್ಟ ಮೇಲೂ ಸಾಯಬಹುದು. ಆದ್ದರಿಂದ ಮಗು ದಣಿದಾಗ ಹಿರಿಯರು ಕೋಲನ್ನು ತೆಗೆದುಕೊಂಡು ಬೇಗ ಮುಗಿಸುವುದೇ ಸರಿ. ಬಿಡಬೇಕೆಂದಿರುವ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು. ಒಣಗೈ ತಾಗಿದರೆ ಅದರ ಮೈಯನ್ನು ಕಾಯುವ ಲೋಳೆ ಕಿತ್ತುಹೋಗುತ್ತದೆ.

ಜಾಗ ಹುಡುಕುವುದಕ್ಕಿಂತ ಉಬ್ಬರವಿಳಿತದ ಹೊತ್ತನ್ನು ನೋಡಿಕೊಳ್ಳುವುದು ಮೇಲು. ಅಳಿವೆಯ ಬಾಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ನೀರು ಹರಿಯುತ್ತಿದ್ದರೆ ಸಣ್ಣ ಮೀನು, ಸಿಗಡಿಗಳು ಅದರೊಡನೆ ಸಾಗುತ್ತವೆ, ಅವುಗಳನ್ನು ತಿನ್ನುವ ಮೀನುಗಳು ಅಲ್ಲಿ ಕಾದಿರುತ್ತವೆ. ಬೆಳಗಿನ ಅಥವಾ ಸಂಜೆಯ ತಂಪಿಗೆ ಇಂಥ ಹರಿವು ಕೂಡಿಬಂದರೆ ಎರಡು ಗಂಟೆ ಧಾರಾಳವಾಯಿತು. ನಡುವೆ ಮಗು ಏಡಿ ಹಿಡಿಯಲು ಓಡಿದರೆ ತಡೆಯಬೇಡಿ.

ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಮರಳನ್ನು ಸವರುತ್ತ ನಡೆದರೆ ಅಡಗಿರುವ ತೊರಕೆಗಳು (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನುಗಳು) ಸರಿದು ಹೋಗುತ್ತವೆ. ತೊರಕೆಯ ಅಥವಾ ಸಮುದ್ರದ ಮೀಸೆಮೀನಿನ ಮುಳ್ಳು ಚುಚ್ಚಿದರೆ, ಗಾಯವನ್ನು ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿಡುವುದರಿಂದ ನೋವು ತಗ್ಗುತ್ತದೆ. ನಂತರ ವೈದ್ಯರಿಗೆ ತೋರಿಸಲೇಬೇಕು. ಕಾರ್ಬನ್ ನಾರಿನ ಕೋಲುಗಳು ವಿದ್ಯುತ್ತನ್ನು ಹರಿಯಬಿಡುವುದರಿಂದ, ಗುಡುಗಿನ ಸದ್ದು ಕೇಳಿದೊಡನೆ ಅವನ್ನು ಕೆಳಗಿಟ್ಟು ಸುರಕ್ಷಿತ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೂ ಹೊರಬರಬಾರದು.